ಜೋಡಿ ಕಡೀಕ, ಮರಿ ಊಟ ಮೊದಲ

ನಮಸ್ಕಾರ್ರಿ. ಫೈಟರ್ ಮೀನಿನ ಮರಿ ಮಾಡಸೂದು ಭಾಳ ಕಷ್ಟ ಅಂತಾರ. ಅರ್ಧಾ ಸುಳ್ಳದು. ಗಂಡು-ಹೆಣ್ಣು ಕೂಡಿದ್ರ ತತ್ತಿ ಇಡ್ತಾವ, ಒಂದೂವರೆ ದಿನದಾಗ ಒಡೀತಾವ. ಆಮ್ಯಾಲಿನ ವಾರದಾಗ ನೂರಾರು ಮರಿ ಹೊಟ್ಟಿಗಿಲ್ಲದ ಸಾಯ್ತಾವ. ಅಂಗಡಿ ಪುಡಿ ಅವುಕ್ಕ ದಪ್ಪ, ಅದರ ಮ್ಯಾಲ ಅಲುಗಾಡದ್ದನ್ನ ಅವು ತಿನ್ನಂಗಿಲ್ಲ.

ಅದಕ, ಜೋಡಿ ತರೂ ಹತ್ತು ದಿನ ಮುಂಚೆ ಮೈಕ್ರೋವರ್ಮ್ (ಮರಿಗೆ ಹಾಕೂ ಭಾಳ ಸಣ್ಣ ಬಿಳಿ ಹುಳ) ಬೆಳಸಾಕ ಹಚ್ರಿ. ಓಟ್ಸ್ ಗಟ್ಟಿ ಅಂಬಲಿ ಕಾಸಿ ಆರಿಸಿ, ಡಬ್ಬಿಯೊಳಗ ಬೆರಳ ದಪ್ಪ ಹರವ್ರಿ. ಚಿಟಿಕಿ ಯೀಸ್ಟ್, ಒಂದು ಚಮಚ ಹಳೇ ಕಲ್ಚರ್ (ಮೊದಲ ಬೆಳಸಿದ ಹುಳ ಇರೂ ಅಂಬಲಿ), ಮುಚ್ಚಳಕ್ಕ ಸಣ್ಣ ತೂತು. ನಾಕೈದು ದಿನಕ್ಕ ಹುಳ ಡಬ್ಬಿ ಗ್ವಾಡಿ ಏರ್ತಾವ. ಬೆರಳಿಲೆ ಸವರಿ ನೀರಾಗ ತೊಳದು ಹಾಕೂದು. ನಾತ ಹೊಡದ್ರ ಹೊಸಾದು ಹಚ್ರಿ, ಎರಡು ಡಬ್ಬಿ ಇದ್ರ ಛಲೋ. ಕುದಿಸಿದ ತತ್ತಿ ಹಳದಿ ಹಾಕ್ರಿ ಅಂತ ಹೇಳವ್ರ ಮಾತು ಕೇಳಬ್ಯಾಡ್ರಿ. ಉಳದದ್ದು ರಾತ್ರ್ಯಾಗ ಕೊಳತು ಅಮೋನಿಯಾ ಏರಿಸ್ತದ.

ಬರೇ ಮೈಕ್ರೋವರ್ಮ್ ಮ್ಯಾಲ ಇಡಬ್ಯಾಡ್ರಿ. ಮರಿ ಈಜಾಕ ಹತ್ತಿದ ನಾಕನೇ ದಿನದಿಂದ ಆರ್ಟೀಮಿಯಾ (ಉಪ್ಪು ನೀರಿನ ಸಣ್ಣ ಸಿಗಡಿಯಂಥಾ ಜೀವಿ) ಮರಿ ಬೇಕು: ಲೀಟರ್ ನೀರಿಗೆ 25 ಗ್ರಾಂ ಅಯೋಡಿನ್ ಇಲ್ಲದ ಉಪ್ಪು, ಕಾಲು ಚಮಚ ಆರ್ಟೀಮಿಯಾ ತತ್ತಿ, ಏರ್ ಪಂಪ್, 28 ಡಿಗ್ರಿ. ಒಂದು ದಿನಕ್ಕ ಕಿತ್ತಳಿ ಬಣ್ಣದ ಮರಿ ಬರ್ತಾವ. ಸೋಸಿ, ಸಿಹಿ ನೀರಾಗ ತೊಳದು ಹಾಕ್ರಿ.

ನೀರಿಗೆ ಹುಬ್ಬಳ್ಳಿ-ಧಾರವಾಡದಾಗ ಒಂದು ಅನುಕೂಲ ಐತಿ. ಭಾಳ ಓಣಿಗೆ ನಳಾ ದಿನಾ ಬರಂಗಿಲ್ಲ, ಹೆಂಗೂ ಹಿಡದು ಇಟ್ಟಿರ್ತೀರಿ. ಮುಚ್ಚಳ ತಗದು ಒಂದು ದಿನ ಬಿಟ್ರ ಕ್ಲೋರಿನ್ ಹಾರ್ತದ. ತೊಟ್ಟ್ಯಾಗ 12-15 ಸೆಂಟಿಮೀಟರ್ ನೀರು ಸಾಕು, ಒಂದು ಒಣಗಿದ ಕಾಡು ಬಾದಾಮಿ ಎಲಿ, ಗಂಡು ಬುರುಗಿನ ಗೂಡು ಕಟ್ಟಾಕ ತೇಲೂ ಅರ್ಧ ಥರ್ಮಾಕೋಲ್ ಕಪ್. ಧಾರವಾಡದ ಡಿಸೆಂಬರ್ ಚಳ್ಯಾಗ ಹೀಟರ್ ಇಲ್ಲದ ಈ ಕೆಲಸಕ್ಕ ಕೈ ಹಾಕಬ್ಯಾಡ್ರಿ.

ಹೆಣ್ಣನ್ನ ಮೊದಲ ಗಾಜಿನ ಬಾಟಲಿಯೊಳಗ ಇಟ್ಟು ಗಂಡಿಗೆ ತೋರಸ್ರಿ. ಹೆಣ್ಣಿನ ಮೈಮ್ಯಾಲ ಮ್ಯಾಲಿಂದ ಕೆಳಗ ನಿಂತ ಪಟ್ಟಿ ಮೂಡಿದ ಮ್ಯಾಲ ಬಿಡ್ರಿ. ತತ್ತಿ ಮುಗದ ಕೂಡಲೇ ಹೆಣ್ಣು ಹೊರಗ, ಇಲ್ಲಾಂದ್ರ ಗಂಡು ಕಡದು ಹಾಕ್ತದ. ಮರಿ ಅಡ್ಡಾಗಿ ಈಜಾಕ ಹತ್ತಿದ ದಿನ ಗಂಡೂ ಹೊರಗ. ಮ್ಯಾಲ ಗಾಜು ಮುಚ್ಚಿರ್ರಿ: ಮೂರ್ನಾಕು ವಾರದಾಗ ಮರಿ ಮ್ಯಾಲ ಬಂದು ಗಾಳಿ ತಗೊಳ್ಳೂ ಅಂಗ ಬೆಳೀತದ, ತಣ್ಣನ ಗಾಳಿ ತಗಲಿದ್ರ ಸಾಯ್ತಾವ.

ಎರಡು ತಿಂಗಳಿಗೆ ಗಂಡು ಮರಿ ಜಗಳಾಡ್ತಾವ. ಒಂದೊಂದಕ್ಕೂ ಬ್ಯಾರೆ ಬಾಟಲಿ ಬೇಕು, ಐವತ್ತು ಬಾಟಲಿ ನೀರು ಬದಲಿಸೂ ತಾಳ್ಮಿ ಇಲ್ಲಂದ್ರ ಸ್ವಲ್ಪ ತತ್ತಿ ಅಷ್ಟ ಉಳಸ್ರಿ. ಉಳದ ಮೀನು ಉಣಕಲ್ ಕೆರಿಗೆ ಬಿಡಬ್ಯಾಡ್ರಿ. ಅಂಗಡಿಗೆ ಕೊಡ್ರಿ, ಇಲ್ಲಾ ಸಾಕವ್ರಿಗೆ.