ಬಿಸಿ ಕಾಫಿ, ತಣ್ಣನೆ ಕಾಫಿ, ಬಸವಣ್ಣನವರ ಕಾಲು

[ದೃಶ್ಯ: ಗಾಂಧಿ ಬಜಾರ್. ದರ್ಶಿನಿಯ ಮುಂದೆ, ಕೈಯಲ್ಲಿ ಕಾಫಿ ಲೋಟ.]

ನಮಸ್ಕಾರ. ಶಾಲೆಯಲ್ಲಿ 'ವಿರುದ್ಧ ಪದ ಬರೆಯಿರಿ' ಅಂತ ಪ್ರಶ್ನೆ ಬರುತ್ತಿತ್ತು, ನೆನಪಿದೆಯಾ? ಬಿಸಿಗೆ ತಂಪು. ಒಂದು ಮಾರ್ಕು, ಅಲ್ಲಿಗೆ ಮುಗೀತು.

ಮುಗಿದಿಲ್ಲ. 'ಈ ಕಾಫಿ ಬಿಸಿಯಾಗಿದೆ', 'ಈ ಕಾಫಿ ತಣ್ಣಗಿದೆ'. ಎರಡೂ ಒಟ್ಟಿಗೆ ನಿಜ ಆಗಲಾರವು. ಆದರೆ ಎರಡೂ ಸುಳ್ಳಾಗಬಹುದು. ಮಾತಾಡುತ್ತಾ ನಿಂತೆ ನೋಡಿ, ಈಗ ಉಗುರು ಬೆಚ್ಚಗೆ! ತರ್ಕದಲ್ಲಿ ಇಂಥ ಜೋಡಿಗೆ ಕಾಂಟ್ರರಿ ಅನ್ನುತ್ತಾರೆ.

'ಬಿಸಿ ಇದೆ', 'ಬಿಸಿ ಇಲ್ಲ' ಅಂದರೆ ಕಥೆ ಬೇರೆ. ಒಂದು ನಿಜ ಆಗಲೇಬೇಕು, ಇನ್ನೊಂದು ಸುಳ್ಳು. ಅದು ಕಾಂಟ್ರಡಿಕ್ಟರಿ.

[ದೃಶ್ಯ: ರಸ್ತೆಯಲ್ಲಿ ಆಟೋಗಳು.]

'ಬೆಂಗಳೂರಿನ ಆಟೋದವರೆಲ್ಲ ಮೀಟರ್ ಹಾಕುತ್ತಾರೆ.' 'ಒಬ್ಬರೂ ಹಾಕಲ್ಲ.' ಎರಡೂ ಸುಳ್ಳು, ಅಲ್ವಾ? ಮೊದಲನೆಯದನ್ನು ಬೀಳಿಸಲು 'ಒಬ್ಬರೂ ಹಾಕಲ್ಲ' ಅಂತ ಕೂಗಬೇಕಿಲ್ಲ. ಹಾಕದ ಒಬ್ಬರು ಸಿಕ್ಕರೆ ಸಾಕು. ಟಿವಿ ಚರ್ಚೆಯಲ್ಲಿ ಸುಮ್ನೆ ಗಂಟಲು ಹರಿದುಕೊಳ್ಳುವವರಿಗೆ ಇದು ಗೊತ್ತಿದ್ದರೆ ಚೆನ್ನಾಗಿತ್ತು.

ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ಅರಿಸ್ಟಾಟಲ್ ಇದನ್ನು ಬಿಡಿಸಿಟ್ಟಿದ್ದ. ಕಪ್ಪು ಬಿಳುಪಿನ ನಡುವೆ ಬೂದು ಇದೆ, ಸಮ ಬೆಸ ಸಂಖ್ಯೆಗಳ ನಡುವೆ ಮಾತ್ರ ಏನೂ ಇಲ್ಲ ಅನ್ನುವುದೂ ಅವನ ಲೆಕ್ಕದಲ್ಲಿತ್ತು.

ಕವಿಗಳಿಗೆ ಈ ಲೆಕ್ಕ ಸಾಲದು. ವಿರುದ್ಧಗಳಿಲ್ಲದೆ ಮುನ್ನಡೆಯೇ ಇಲ್ಲ ಅಂತ 1790ರ ದಶಕದಲ್ಲಿ ವಿಲಿಯಂ ಬ್ಲೇಕ್ ಬರೆದ. ಪ್ರೀತಿಯೂ ಬೇಕು, ದ್ವೇಷವೂ ಬೇಕು ಅಂದ.

ನನಗೆ ಮಾತ್ರ 12ನೇ ಶತಮಾನದ ನಮ್ಮ ಬಸವಣ್ಣನವರೇ ಜಾಸ್ತಿ ಇಷ್ಟ. 'ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ.' ಸ್ಥಾವರ ಅಂದರೆ ನಿಂತದ್ದು, ಜಂಗಮ ಅಂದರೆ ಚಲಿಸುವುದು. ಮೇಲ್ನೋಟಕ್ಕೆ ಒಂದರ ಪಕ್ಷ ಹಿಡಿದ ಹಾಗಿದೆ. ಆದರೆ ಅದೇ ವಚನದಲ್ಲಿ, ಸ್ವಲ್ಪ ಮೇಲೆ, 'ಎನ್ನ ಕಾಲೇ ಕಂಬ' ಅಂತ ಇದೆ. ಕಂಬ ನಡೆಯಲ್ಲ. ಕಾಲು ನಿಂತಲ್ಲೇ ಇರಲ್ಲ. 'ಕಾಲು ಕಂಬದ ಹಾಗೆ' ಅಂದಿದ್ದರೆ ಉಪಮೆ ಆಗಿ ಬಚಾವಾಗುತ್ತಿತ್ತು. ಅವರು ಹಾಗನ್ನಲಿಲ್ಲ. ಕಾಲೇ ಕಂಬ. ಗುಡಿಯೇ ಎದ್ದು ನಡೆಯುತ್ತಿದೆ. ಆ ಒಂದು 'ಏ' ನೋಡಿ ಅರಿಸ್ಟಾಟಲ್ ಏನನ್ನುತ್ತಿದ್ದನೋ!

[ಲೋಟ ನೋಡುತ್ತಾ] ಇದು ಪೂರ್ತಿ ತಣ್ಣಗಾಯಿತು. ಇನ್ನೊಂದು ಹೇಳಿ ಬರ್ತೀನಿ, ಇರಿ.