ಯಾರ ಜೆರ್ಸಿ ತೊಟ್ಟು ಆಡೋಣ?

ಕೇಳುಗರಿಗೆ ನಮಸ್ಕಾರ.

1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಜಪಾನ್ ಫುಟ್‌ಬಾಲ್ ತಂಡ ಸ್ವೀಡನ್ ತಂಡವನ್ನು 3–2ರಿಂದ ಮಣಿಸಿತು. ಜಪಾನೀಯರಿಗೆ ಅದು 'ಬರ್ಲಿನ್ ಪವಾಡ'. ಆ ಹನ್ನೊಂದು ಮಂದಿಯಲ್ಲಿ ಒಬ್ಬರು ಕೊರಿಯಾದವರು, ಕಿಮ್ ಯೋಂಗ್-ಸಿಕ್. 1910ರಿಂದ ಕೊರಿಯಾ ಜಪಾನಿನ ಕೈಯಲ್ಲಿತ್ತು. ಒಲಿಂಪಿಕ್ಸ್‌ನಲ್ಲಿ ಆಡಬೇಕೆಂದರೆ ಆಳುವವರ ಜೆರ್ಸಿಯನ್ನೇ ತೊಡಬೇಕಿತ್ತು.

1945ರಲ್ಲಿ ಆಳ್ವಿಕೆ ಮುಗಿಯಿತು, ಸಿಟ್ಟು ಮುಗಿಯಲಿಲ್ಲ. 1954ರ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ದಕ್ಷಿಣ ಕೊರಿಯಾ ಮತ್ತು ಜಪಾನ್ ಎದುರಾದವು. ಎರಡೂ ದೇಶಗಳಲ್ಲಿ ಒಂದೊಂದು ಪಂದ್ಯ ಆಡುವುದು ವಾಡಿಕೆ. ಆದರೆ ಜಪಾನೀಯರು ನಮ್ಮ ನೆಲ ಮೆಟ್ಟಕೂಡದು ಎಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಪಟ್ಟು ಹಿಡಿದರು. ಹಾಗಾಗಿ ಎರಡೂ ಪಂದ್ಯ ಟೋಕಿಯೊದಲ್ಲೇ ನಡೆದವು. ಸೋತರೆ ಸಮುದ್ರಕ್ಕೆ ಹಾರುತ್ತೇವೆ ಎಂದು ಕೋಚ್ ಮಾತು ಕೊಟ್ಟು ಹೊರಟಿದ್ದರಂತೆ! ಮಾರ್ಚ್ ತಿಂಗಳ ಕೆಸರಿನಲ್ಲಿ ಕೊರಿಯಾ 5–1ರಿಂದ ಗೆದ್ದಿತು, ಎರಡನೆಯದು 2–2. ವಿಶ್ವಕಪ್ ಆಡಲು ಸ್ವಿಟ್ಜರ್ಲೆಂಡಿಗೆ ಹೋದ ಮೇಲೆ ಹಂಗೇರಿ 9, ಟರ್ಕಿ 7 ಗೋಲು ಬಾರಿಸಿದವು, ಆ ಮಾತು ಬೇರೆ. ಅಲ್ಲಿ ತಂಡದ ಕೋಚ್ ಆಗಿದ್ದವರು ಯಾರು ಗೊತ್ತೆ? ಅದೇ ಕಿಮ್ ಯೋಂಗ್-ಸಿಕ್.

ಇದನ್ನು ಎರಡು ದೇಶಗಳ ಜಿದ್ದು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನನ್ನನ್ನು ಕಾಡುವವರು ನಡುವೆ ಸಿಕ್ಕಿಕೊಂಡವರು: ವಸಾಹತು ಕಾಲದಲ್ಲಿ ಜಪಾನಿಗೆ ಹೋಗಿ ಅಲ್ಲೇ ಉಳಿದ ಕೊರಿಯನ್ನರ ಮಕ್ಕಳು, ಮೊಮ್ಮಕ್ಕಳು. ಅಲ್ಲಿ ಅವರನ್ನು ಝೈನಿಚಿ ಎನ್ನುತ್ತಾರೆ.

ಟೋಕಿಯೊದಲ್ಲಿ ಹುಟ್ಟಿದ ಝೈನಿಚಿ ಆಟಗಾರ ತದನಾರಿ ಲೀ ದಕ್ಷಿಣ ಕೊರಿಯಾದ ಕಿರಿಯರ ಶಿಬಿರಕ್ಕೆ ಹೋದರು. ಅಲ್ಲಿ ಸಿಕ್ಕಿದ್ದು 'ಅರೆ ಜಪಾನಿ' ಎಂಬ ಹೀಯಾಳಿಕೆ. 2007ರಲ್ಲಿ ಜಪಾನಿನ ಪೌರತ್ವ ಪಡೆದರು, ಲೀ ಎಂಬ ಮನೆತನದ ಹೆಸರು ಮಾತ್ರ ಬಿಡಲಿಲ್ಲ. 2011ರ ಏಷ್ಯಾ ಕಪ್ ಫೈನಲ್, ದೋಹಾ, ಎದುರಿಗೆ ಆಸ್ಟ್ರೇಲಿಯಾ, ಹೆಚ್ಚುವರಿ ಸಮಯ. ಎಡಗಡೆಯಿಂದ ಜೊತೆ ಆಟಗಾರ ನಾಗಾಟೊಮೊ ತೂರಿಬಿಟ್ಟ ಚೆಂಡನ್ನು ನೆಲ ಮುಟ್ಟಗೊಡದೆ ಎಡಗಾಲಲ್ಲಿ ಬಾರಿಸಿದರು. ಪಂದ್ಯದಲ್ಲಿ ಬಂದದ್ದು ಅದೊಂದೇ ಗೋಲು. ಕಪ್ ಜಪಾನಿಗೆ.

ನಗೋಯಾದ ಜೋಂಗ್ ತೇ-ಸೆ ಅವರದು ಇನ್ನೂ ಗೋಜಲು. ದಾಖಲೆಯಲ್ಲಿ ದಕ್ಷಿಣ ಕೊರಿಯಾದ ಪೌರತ್ವ. ಓದಿದ್ದು ಜಪಾನಿನಲ್ಲೇ ಇದ್ದ ಉತ್ತರ ಕೊರಿಯಾ ಪರ ಶಾಲೆಯಲ್ಲಿ. 2010ರ ವಿಶ್ವಕಪ್ಪಿನಲ್ಲಿ ಬ್ರೆಜಿಲ್ ಎದುರು ಉತ್ತರ ಕೊರಿಯಾದ ಜೆರ್ಸಿ ತೊಟ್ಟು ನಿಂತಾಗ, ರಾಷ್ಟ್ರಗೀತೆ ಶುರುವಾದದ್ದೇ ತಡ, ಬಿಕ್ಕಿಬಿಕ್ಕಿ ಅತ್ತರು. 2013ರಲ್ಲಿ ಅವರು ದಕ್ಷಿಣದ ಸುವೊನ್ ಕ್ಲಬ್ ಸೇರಿದರು. ಹಿಂದೊಮ್ಮೆ ಉತ್ತರದ ನಾಯಕನನ್ನು ಹೊಗಳಿದ್ದರೆಂದು ಅಲ್ಲಿ ರಾಷ್ಟ್ರೀಯ ಭದ್ರತಾ ಕಾಯ್ದೆಯಡಿ ಅವರ ಮೇಲೆ ದೂರು ಬಿತ್ತು. ಮರುವರ್ಷ ಸರ್ಕಾರಿ ವಕೀಲರು ಅದನ್ನು ಕೈಬಿಟ್ಟರು.

ನಮಸ್ಕಾರ.