ಹಗಲಿಗೂ ಇರುಳಿಗೂ ಒಂದೇ ದೂರದರ್ಶಕ

ಕೇಳುಗರಿಗೆ ನಮಸ್ಕಾರ. ಹಗಲಲ್ಲಿ ಸೂರ್ಯನ ಕಲೆ ನೋಡಬೇಕು, ರಾತ್ರಿ ಶನಿಯ ಉಂಗುರವೂ ಬೇಕು, ದುಡ್ಡಿರುವುದು ಮಾತ್ರ ಒಂದೇ ದೂರದರ್ಶಕಕ್ಕೆ. ಯಾವುದನ್ನು ಕೊಳ್ಳುವುದು?

ರಾತ್ರಿಯ ಲೆಕ್ಕ ಸರಳ: ಬಾಯಿ ಅಗಲವಾದಷ್ಟೂ ಬೆಳಕು ಹೆಚ್ಚು. ಸೂರ್ಯನಿಗೆ ಆ ಲೆಕ್ಕ ನಡೆಯದು. ಅಲ್ಲಿ ಬೆಳಕಿಗೆ ಬರವಿಲ್ಲ, ಅಡ್ಡಿ ಮಾಡುವುದು ಕಾದ ಗಾಳಿ. ಚಿತ್ರದುರ್ಗದ ಬಂಡೆಯಾಗಲಿ, ದಾವಣಗೆರೆಯ ಆರ್‌ಸಿಸಿ ತಾರಸಿಯಾಗಲಿ, ಬಿಸಿಲೇರಿದರೆ ಸಾಕು, ಬಿಂಬ ಕುದಿಯುವ ನೀರಿನ ತಳದ ನಾಣ್ಯದಂತೆ ನಡುಗುತ್ತದೆ. ಅಂಥ ಗಾಳಿಯಲ್ಲಿ 200 ಮಿ.ಮೀ. ಕನ್ನಡಿ 100 ಮಿ.ಮೀ. ಮಸೂರಕ್ಕಿಂತ ಹೆಚ್ಚೇನೂ ತೋರಿಸದು. ಬೆಳಿಗ್ಗೆಯೇ, ಹುಲ್ಲಿನ ಮೇಲೆ ನಿಲ್ಲಿಸಿ ನೋಡಿ.

ಹಾಗಾಗಿ ಎರಡೂ ಹೊತ್ತಿಗೆ ನಮ್ಮ ಆಯ್ಕೆ 100 ಮಿ.ಮೀ. ಮಸೂರದ, 600 ಮಿ.ಮೀ. ಸಂಗಮದೂರದ (ಮಸೂರದಿಂದ ಬಿಂಬ ಮೂಡುವ ಜಾಗಕ್ಕಿರುವ ಅಂತರದ) ದೂರದರ್ಶಕ. ಜೊತೆಗೆ 25 ಮತ್ತು 10 ಮಿ.ಮೀ. ಐಪೀಸ್, ಅಂದರೆ ಕಣ್ಣಿಡುವ ಕಡೆಯ ಮಸೂರ: ಬಿಂಬ 24 ಪಟ್ಟು, 60 ಪಟ್ಟು ದೊಡ್ಡದು. ಅರವತ್ತರಲ್ಲೂ ಇಡೀ ಸೂರ್ಯಬಿಂಬ ಹಿಡಿಸುತ್ತದೆ, ಶನಿಯ ಉಂಗುರವೂ ಕಾಣುತ್ತದೆ. ಅಗ್ಗದ ಮಸೂರ ಚಂದ್ರನ ಅಂಚಿಗೆ ನೇರಳೆ ಬಣ್ಣ ಬಳಿಯುವುದುಂಟು, ಸಹಿಸಿಕೊಳ್ಳಿ.

ಸ್ಟ್ಯಾಂಡು ಮೇಲೆ-ಕೆಳಗೆ, ಎಡ-ಬಲ ತಿರುಗುವ ಸಾದಾದೇ ಇರಲಿ. ನಮ್ಮ ಅಕ್ಷಾಂಶ 14 ಡಿಗ್ರಿ ಚಿಲ್ಲರೆ, ಧ್ರುವ ನಕ್ಷತ್ರವೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಅಕ್ಷವನ್ನು ಧ್ರುವ ನಕ್ಷತ್ರದತ್ತ ಬಾಗಿಸಿಡಬೇಕಾದ ಇಕ್ವೆಟೋರಿಯಲ್ ಸ್ಟ್ಯಾಂಡುಗಳಲ್ಲಿ ಎಷ್ಟೋ ಅಷ್ಟು ಕೆಳಕ್ಕೆ ಬಾಗುವುದೇ ಇಲ್ಲ. ಬಾಗಿದರೂ ತೂಕದ ಸರಳು ಮುಕ್ಕಾಲಿಯ ಕಾಲಿಗೆ ಬಡಿಯುತ್ತದೆ.

ಇನ್ನು ಫಿಲ್ಟರ್. ಇದರಲ್ಲಿ ಚೌಕಾಸಿ ಬೇಡ. ಸೌರ ಫಿಲ್ಮನ್ನು, ಅಂದರೆ ಬಿಸಿಲು ತಡೆಯುವ ತೆಳು ಹಾಳೆಯನ್ನು, ಕೊಳವೆಯ ಮುಂಬಾಯಿಗೇ ಮುಚ್ಚಬೇಕು. ಸಾಂದ್ರತೆ 5 ಎಂದಿರುವುದು ಲಕ್ಷದಲ್ಲಿ ಒಂದು ಪಾಲು ಬೆಳಕನ್ನಷ್ಟೇ ಬಿಡುತ್ತದೆ, 3.8ರದ್ದು ಕ್ಯಾಮೆರಾಗೆ, ಕಣ್ಣಿಗಲ್ಲ. ಫಿಲ್ಮ್ ಸುಕ್ಕಾಗಿದ್ದರೆ ಚಿಂತೆಯಿಲ್ಲ, ತಮಟೆಯಂತೆ ಬಿಗಿದರೇ ಬಿಂಬ ಕೆಡುವುದು. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಕಡೆಯ ಗಾಳಿ ಗೊತ್ತಲ್ಲ, ಚೌಕಟ್ಟನ್ನು ಮೂರು ಕಡೆ ಟೇಪಿನಿಂದ ಹಿಡಿಸಿ. ಐಪೀಸಿಗೆ ತಿರುಪುವ ಕಪ್ಪು ಗಾಜು ಪುಕ್ಕಟೆ ಬಂದಿದ್ದರೆ ಒಡೆದು ಎಸೆಯಿರಿ: ಬಿಸಿಲೆಲ್ಲ ಒಟ್ಟಾಗುವ ಜಾಗದ ಬಳಿಯೇ ಅದು ಕೂರುತ್ತದೆ, ಕಣ್ಣಿಟ್ಟಿರುವಾಗಲೇ ಸೀಳಬಹುದು. ಬೆಳಕಿನ ಬಹುಪಾಲನ್ನು ಆಚೆ ತಳ್ಳಿ ಸ್ವಲ್ಪವನ್ನಷ್ಟೇ ಐಪೀಸಿಗೆ ಕಳಿಸುವ ಗಾಜು, ಹರ್ಷೆಲ್ ಪ್ರಿಸಂ, ಇನ್ನೂ ಸ್ಫುಟವಾಗಿ ತೋರಿಸುತ್ತದೆ, ಆದರೆ ಮಸೂರದ ದೂರದರ್ಶಕಕ್ಕೆ ಮಾತ್ರ. ಸೂರ್ಯನ ಅಂಚಿನ ಜ್ವಾಲೆಗಳಿಗೆ ಹೈಡ್ರೋಜನ್ ಸೂಸುವ ಒಂದು ಕೆಂಪು ಬಣ್ಣವನ್ನಷ್ಟೇ ಬಿಡುವ ಹೈಡ್ರೋಜನ್-ಆಲ್ಫಾ ಉಪಕರಣವೇ ಬೇಕು; ಅದು ಬೇರೆಯೇ ಬಾಬತ್ತು.

ಇದರಲ್ಲಿ ಕಳೆದುಕೊಳ್ಳುವುದೇನು? ಮೇ ತಿಂಗಳ ರಾತ್ರಿ ಹತ್ತರ ಸುಮಾರಿಗೆ ದಕ್ಷಿಣದಲ್ಲಿ, ದಿಗಂತದಿಂದ 28 ಡಿಗ್ರಿ ಮೇಲೆ ಒಮೆಗಾ ಸೆಂಟಾರಿ ನಕ್ಷತ್ರಗುಚ್ಛ ಇರುತ್ತದೆ. 100 ಮಿ.ಮೀ.ಗೆ ಅದು ಬಹುಮಟ್ಟಿಗೆ ಹತ್ತಿಯ ಉಂಡೆ; 200ರಲ್ಲಿ ಸಕ್ಕರೆ ಚೆಲ್ಲಿದಂತೆ ಬಿಡಿಬಿಡಿ. ಮನಸ್ಸು ಅತ್ತಲೇ ಎಳೆದರೆ ಡಾಬ್ಸೋನಿಯನ್, ಅಂದರೆ ಸಾದಾ ಪೀಠದ ಮೇಲೆ ಕೂರುವ ದೊಡ್ಡ ಕನ್ನಡಿಯ ದೂರದರ್ಶಕ, ಕೊಳ್ಳಿ. ಅದರ ಬಾಯಿಗೂ ಫಿಲ್ಮ್ ಹಾಕಬಹುದು.

ಯಾವುದೇ ಕೊಂಡರೂ ಪ್ರತಿಸಲ ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು ಸೂಜಿತೂತು ಹುಡುಕಿ. ಗುರಿಯಿಡಲೆಂದು ಪಕ್ಕಕ್ಕಿರುವ ಪುಟ್ಟ ದೂರದರ್ಶಕವನ್ನು, ಅಂದರೆ ಫೈಂಡರನ್ನು, ಬಿಚ್ಚಿಡಿ. ಸೂರ್ಯನ ಕಡೆ ಗುರಿಯಿಡಲು ನೆಲ ನೋಡಿದರೆ ಸಾಕು: ಕೊಳವೆಯ ನೆರಳು ಅತಿ ಚಿಕ್ಕದಾದ ಕ್ಷಣಕ್ಕೆ ಸೂರ್ಯ ಐಪೀಸಿಗೆ ಬಂದಿರುತ್ತಾನೆ.